ಸಸಿ ಬೆಳೆಸುವ ಕಿಟ್: ಟ್ರೇಗೆ ಪೂರ್ತಿ ಅಂಕ, ಬೀಜಕ್ಕಿಲ್ಲ

ಮುಂಗಾರು ಕಾಲಿಡುವ ಹೊತ್ತಿಗೆ ಸಸಿಗಳು ಕುಂಡಕ್ಕೆ ಹೋಗುವಷ್ಟು ಬಲಿತಿರಲಿ ಎಂಬ ಲೆಕ್ಕಾಚಾರದಲ್ಲಿ, ಕಳೆದ ಮೇ ತಿಂಗಳ ಎರಡನೆಯ ವಾರ ಅಂತರ್ಜಾಲದ ಮಳಿಗೆಯೊಂದರಿಂದ 649 ರೂಪಾಯಿ ಕೊಟ್ಟು ಸಸಿ ಬೆಳೆಸುವ ಕಿಟ್ ಒಂದನ್ನು ಮೈಸೂರಿನ ನಮ್ಮ ಮನೆಗೆ ತರಿಸಿಕೊಂಡೆ. ಪೆಟ್ಟಿಗೆಯಲ್ಲಿ 50 ಗುಳಿಗಳ ಒಂದು ಪ್ಲಾಸ್ಟಿಕ್ ಟ್ರೇ, ಅದರ ಕೆಳಗಿಡಲು ನೀರು ಹಿಡಿಯುವ ತಟ್ಟೆ, ಮೇಲೆ ಮುಚ್ಚಲು ಪಾರದರ್ಶಕ ಮುಚ್ಚಳ, ಒಣಗಿಸಿ ಅದುಮಿದ ತೆಂಗಿನ ನಾರಿನ ಪುಡಿಯ 30 ಬಿಲ್ಲೆಗಳು, ಆರು ಬಗೆಯ ಬೀಜದ ಪೊಟ್ಟಣಗಳು, ಹೆಸರು ಬರೆದು ಚುಚ್ಚುವ ಕಡ್ಡಿಗಳು ಮತ್ತು ಒಂದು ಹಾಳೆಯ ಸೂಚನೆ ಇದ್ದವು. ಬೀಜಗಳಲ್ಲಿ ಟೊಮೆಟೊ, ಬ್ಯಾಡಗಿ ಮೆಣಸಿನಕಾಯಿ, ಬದನೆ, ದೊಣ್ಣೆ ಮೆಣಸಿನಕಾಯಿ, ಕೊತ್ತಂಬರಿ ಮತ್ತು ಮೂಲಂಗಿ ಸೇರಿದ್ದವು. ಮಾರಾಟಗಾರರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇದೇ ಮಾದರಿಯ ಕಿಟ್‌ಗಳು ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತಿರುವುದರಿಂದ, ಕೊಳ್ಳುವವರು ಪೆಟ್ಟಿಗೆಯೊಳಗೆ ಏನನ್ನು ನೋಡಬೇಕು ಎಂಬುದೇ ಹೆಸರಿಗಿಂತ ಮುಖ್ಯ.

ಬೀಜ ಊರಿದ ದಿನದಿಂದ ಕೊನೆಯ ಗಿಡ ಕಾಯಿ ಬಿಟ್ಟ ತನಕ, ಸರಿಸುಮಾರು ಐದು ತಿಂಗಳು ಈ ಕಿಟ್ಟನ್ನು ಬಳಸಿ ನೋಡಿದ್ದೇನೆ. ಟ್ರೇ, ತಟ್ಟೆ ಮತ್ತು ಮುಚ್ಚಳ ಕೊಟ್ಟ ಹಣಕ್ಕೆ ಮೋಸವಿಲ್ಲ. ನಾರಿನ ಬಿಲ್ಲೆಗಳನ್ನು ಕೊಟ್ಟ ಹಾಗೆಯೇ ಬಳಸಿದರೆ ನಷ್ಟ, ಸ್ವಲ್ಪ ಶ್ರಮಪಟ್ಟು ತಿದ್ದಿಕೊಂಡರೆ ಉಪಯೋಗವುಂಟು. ಬೀಜಗಳನ್ನು ಮಾತ್ರ ಯಾವ ಕಾರಣಕ್ಕೂ ನಂಬಬಾರದು.

ಟ್ರೇಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಪ್ಲಾಸ್ಟಿಕ್ ದಪ್ಪವಾಗಿದೆ, ನೀರು ತುಂಬಿದ ಟ್ರೇಯನ್ನು ಒಂದು ತುದಿಯಲ್ಲಿ ಹಿಡಿದೆತ್ತಿದರೂ ನಡು ಬಾಗುವುದಿಲ್ಲ. ಗುಳಿಗಳು ಕೆಳಗೆ ಹೋದಂತೆ ಕಿರಿದಾಗಿರುವುದರಿಂದ ಸಸಿ ಬೇರಿನ ಗಂಟಿನೊಡನೆ ಇಡಿಯಾಗಿ ಹೊರಬರುತ್ತದೆ. ತಳದ ರಂಧ್ರಕ್ಕೆ ಕಿರುಬೆರಳ ತುದಿ ತೂರುತ್ತದೆ, ಆದ್ದರಿಂದ ಸಸಿಯನ್ನು ಕಾಂಡ ಹಿಡಿದು ಎಳೆಯದೆ ಕೆಳಗಿನಿಂದಲೇ ಮೇಲಕ್ಕೆ ಒತ್ತಬಹುದು. ರೈತರು ಟೊಮೆಟೊ, ಎಲೆಕೋಸುಗಳಿಗೆ ಸಾಮಾನ್ಯವಾಗಿ ಬಳಸುವುದು 98 ಗುಳಿಗಳ ಟ್ರೇ. ನಾಲ್ಕು ದಿನ ನೀರು ಹನಿಸಲು ಮರೆತರೂ ಸಸಿ ತಾಳಿಕೊಳ್ಳಬೇಕಾದ ಮನೆಯ ಪರಿಸ್ಥಿತಿಯಲ್ಲಿ, ಗುಳಿ ದೊಡ್ಡದಾಗಿರುವ 50ರ ಟ್ರೇಯೇ ಮೇಲು.

ಬಿಲ್ಲೆಗಳ ವಿಷಯಕ್ಕೆ ಬಂದರೆ ಎರಡು ತಕರಾರುಗಳಿವೆ. ಮೊದಲನೆಯದು ಉಪ್ಪು. ತೆಂಗಿನ ಸಿಪ್ಪೆಯಲ್ಲಿ ಪೊಟ್ಯಾಶಿಯಂ ಮತ್ತು ಸೋಡಿಯಂ ಲವಣಗಳು ಸಹಜವಾಗಿಯೇ ಇರುತ್ತವೆ; ಸಿಪ್ಪೆಯನ್ನು ಚೌಳು ನೀರಿನಲ್ಲಿ ನೆನೆಹಾಕಿದ್ದರಂತೂ ಇನ್ನೂ ಹೆಚ್ಚುತ್ತವೆ. ಒಳ್ಳೆಯ ತಯಾರಕರು ಪುಡಿಯನ್ನು ಸಿಹಿನೀರಿನಲ್ಲಿ ಹಲವು ಬಾರಿ ತೊಳೆದ ಮೇಲೆಯೇ ಅದುಮುತ್ತಾರೆ. ಕೊಳವೆಬಾವಿಯ ನೀರನ್ನು ಪರೀಕ್ಷಿಸಲೆಂದು ನನ್ನ ಬಳಿ ಪೆನ್ನಿನಾಕಾರದ ಇ.ಸಿ. ಮೀಟರ್, ಎಂದರೆ ನೀರಿನ ವಿದ್ಯುತ್ ವಾಹಕತೆಯಿಂದ ಅದರಲ್ಲಿ ಕರಗಿದ ಉಪ್ಪಿನ ಮಟ್ಟ ತಿಳಿಸುವ ಉಪಕರಣ, ಇತ್ತು. ಐದು ಬಿಲ್ಲೆಗಳನ್ನು ನೆನೆಸಿ, ಹಿಂಡಿ ಬಂದ ಕಂದು ನೀರಿನಲ್ಲಿ ಅದನ್ನು ಅದ್ದಿದಾಗ 1.9 ತೋರಿಸಿತು. ಎಳೆಯ ಸಸಿಗೆ ಈ ಅಂಕಿ 0.5ರ ಆಸುಪಾಸಿನಲ್ಲಿದ್ದರೆ ಕ್ಷೇಮ. ಬಿಲ್ಲೆಗಳನ್ನು ಬಕೆಟ್ಟಿನಲ್ಲಿ ಮುಳುಗಿಸಿಟ್ಟು ದಿನಕ್ಕೆರಡು ಬಾರಿಯಂತೆ ಎರಡು ದಿನ ನೀರು ಬದಲಿಸಿದ ಮೇಲೆ 0.6ಕ್ಕೆ ಇಳಿಯಿತು. ಸೂಚನೆಯ ಹಾಳೆಯಲ್ಲಿ ತೊಳೆಯುವ ಮಾತೇ ಇಲ್ಲ, ಐದು ನಿಮಿಷ ನೆನೆಸಿ ಬೀಜ ಊರಿ ಎಂದಷ್ಟೇ ಇದೆ. ಹೋಲಿಸಿ ನೋಡಲೆಂದು ಆರು ಬಿಲ್ಲೆಗಳಲ್ಲಿ ಹಾಳೆ ಹೇಳಿದಂತೆಯೇ ಟೊಮೆಟೊ ಊರಿದ್ದೆ. ಅವುಗಳಲ್ಲಿ ಮೊಳೆತ ಸಸಿಗಳ ಬೀಜದೆಲೆಯ ಅಂಚು ಎರಡನೆಯ ವಾರದಲ್ಲೇ ಒಲೆಯ ಶಾಖ ತಗುಲಿದಂತೆ ಕಂದಾಗಿ ಮುರುಟಿತು. ತೊಳೆದ ಬಿಲ್ಲೆಗಳ ಸಸಿಗಳಲ್ಲಿ ಹೀಗಾಗಲಿಲ್ಲ.

ಎರಡನೆಯ ತಕರಾರು ಬಿಲ್ಲೆಯನ್ನು ಸುತ್ತಿರುವ ಬಲೆಯ ಬಟ್ಟೆ. ಪುಡಿ ಚೆದುರದಿರಲೆಂದು ಹೊದಿಸಿದ ಈ ತೆಳುವಾದ ಬಲೆ ಮಣ್ಣಿನಲ್ಲಿ ತಾನಾಗಿ ಕರಗುತ್ತದೆ, ಬಿಲ್ಲೆಯನ್ನು ಹಾಗೆಯೇ ಕುಂಡದಲ್ಲಿ ಹೂಳಿ ಎಂದು ಹಾಳೆ ಹೇಳುತ್ತದೆ. ನಾನು ಹೆಚ್ಚಿನ ಸಸಿಗಳ ಬಲೆಯನ್ನು ಕತ್ತರಿಸಿ ತೆಗೆದು, ಎರಡು ಬದನೆ ಸಸಿಗಳನ್ನು ಮಾತ್ರ ಹಾಳೆಯ ಮಾತಿನಂತೆ ನೆಟ್ಟೆ. ಆ ಎರಡೂ ಮೊಣಕಾಲೆತ್ತರಕ್ಕೆ ಬಂದು ಅಲ್ಲಿಗೇ ನಿಂತುಬಿಟ್ಟವು. ಸೆಪ್ಟೆಂಬರಿನಲ್ಲಿ ಒಂದನ್ನು ಕಿತ್ತು, ಬುಡವನ್ನು ನೀರಿನಲ್ಲಿ ಜಾಲಿಸಿ ನೋಡಿದಾಗ ಬಲೆ ನೆಟ್ಟ ದಿನದ ಹಾಗೆಯೇ ಗಟ್ಟಿಮುಟ್ಟಾಗಿತ್ತು. ಕೂದಲೆಳೆಯಂಥ ಬೇರುಗಳು ಅದರ ಕಣ್ಣುಗಳಿಂದ ತೂರಿ ಹೊರಬಂದಿದ್ದವು. ಆದರೆ ದಪ್ಪಗಾಗಬೇಕಾದ ಬೇರುಗಳು ಆ ಕಣ್ಣುಗಳಲ್ಲೇ ಸಿಕ್ಕಿಕೊಂಡು, ದಾರ ಬಿಗಿದ ಬೆರಳಿನಂತೆ ಒಂದು ಕಡೆ ಊದಿ ಇನ್ನೊಂದು ಕಡೆ ಸೊರಗಿದ್ದವು. ಇಂಥ ಬಿಲ್ಲೆಗಳು ಈಗಾಗಲೇ ಮನೆಯಲ್ಲಿದ್ದರೆ, ನೆಡುವ ಮುನ್ನ ಸಣ್ಣ ಕತ್ತರಿಯಿಂದ ಬಲೆಯನ್ನು ಮೇಲಿನಿಂದ ಕೆಳಗೆ ಸೀಳಿ ಸುಲಿದು ಬಿಸಾಡಬೇಕು ಎಂದು ಕಳಕಳಿಯಿಂದ ಹೇಳುತ್ತೇನೆ. ಒಂದೆರಡು ಬೇರು ಹರಿದರೂ ಚಿಂತೆಯಿಲ್ಲ, ಮತ್ತೆ ಬರುತ್ತವೆ.

ಈಗ ಬೀಜದ ಮಾತು. ಈ ವಿಮರ್ಶೆ ಬರೆಯಲು ಕುಳಿತದ್ದೇ ಇದಕ್ಕಾಗಿ. ಆರು ಪೊಟ್ಟಣಗಳಲ್ಲಿ ಒಂದರ ಮೇಲೂ ಬೀಜ ಯಾವ ತಂಡದ್ದೆಂದು ಗುರುತಿಸುವ ಲಾಟ್ ಸಂಖ್ಯೆ ಇರಲಿಲ್ಲ, ಮೊಳಕೆ ಪ್ರಮಾಣ ಇರಲಿಲ್ಲ, ಪರೀಕ್ಷೆ ಮಾಡಿದ ದಿನಾಂಕ ಇರಲಿಲ್ಲ. ಟೊಮೆಟೊ ಪೊಟ್ಟಣದ ಮುಂದುಗಡೆ ‘ದೇಸಿ’ ಎಂದೂ ಹಿಂದುಗಡೆ ಸಣ್ಣ ಅಕ್ಷರದಲ್ಲಿ ‘ಹೈಬ್ರಿಡ್’ ಎಂದೂ ಅಚ್ಚಾಗಿತ್ತು. ಇವೆರಡೂ ಒಟ್ಟಿಗೆ ನಿಜವಾಗಲಾರವು. ನಾಟಿ ತಳಿಯಾದರೆ ಹಣ್ಣಿನ ಬೀಜ ತೆಗೆದಿಟ್ಟು ಮುಂದಿನ ವರ್ಷ ಬಿತ್ತಬಹುದು, ಹೈಬ್ರಿಡ್ ಆದರೆ ಹಾಗೆ ತೆಗೆದ ಬೀಜದಿಂದ ತಾಯಿಗಿಡದ ಗುಣ ಹಾಗೆಯೇ ಬರುವುದಿಲ್ಲ. ಬೀಜ ಉಳಿಸಿಕೊಳ್ಳಬೇಕೆನ್ನುವವರಿಗೆ ಈ ಒಂದು ಪದದ ವ್ಯತ್ಯಾಸವೇ ಎಲ್ಲವೂ ಆಗಿರುತ್ತದೆ. ದೊಣ್ಣೆ ಮೆಣಸಿನಕಾಯಿಯ ಬೀಜಗಳು ಗುಲಾಬಿ ಬಣ್ಣದ ಪುಡಿಯಲ್ಲಿ ಮಿಂದಿದ್ದವು. ಬೀಜಕ್ಕೆ ಶಿಲೀಂಧ್ರನಾಶಕ ಲೇಪಿಸಿದಾಗ ಗುರುತಿಗಾಗಿ ಹೀಗೆ ಬಣ್ಣ ಸೇರಿಸುವುದು ರೂಢಿ. ಹಾಗೆ ಉಪಚರಿಸಿದ ಬೀಜದ ಪೊಟ್ಟಣದ ಮೇಲೆ ರಾಸಾಯನಿಕದ ಹೆಸರು ಮತ್ತು ತಿನ್ನಬಾರದೆಂಬ ಎಚ್ಚರಿಕೆ ಇರಬೇಕು. ಇಲ್ಲಿ ಒಂದಕ್ಷರವೂ ಇರಲಿಲ್ಲ, ಬದಲಿಗೆ ಪೆಟ್ಟಿಗೆಯ ಮೇಲೆ ಮಕ್ಕಳೊಂದಿಗೆ ಬಿತ್ತಿ ನಲಿಯಿರಿ ಎಂಬ ಚಿತ್ರವಿತ್ತು. ಇದು ಸಣ್ಣ ಲೋಪವಲ್ಲ. ನನ್ನ ಮೊಮ್ಮಗಳು ಐದು ವರ್ಷದವಳು, ಬೀಜಗಳನ್ನು ಮೊದಲು ಅಂಗೈಗೆ ಸುರಿದುಕೊಂಡವಳು ಅವಳೇ.

ನಮ್ಮ ದೇಶದಲ್ಲಿ ಬೀಜ ಕಾಯ್ದೆ ಬಂದದ್ದು 1966ರಲ್ಲಿ. ಸರ್ಕಾರ ಅಧಿಸೂಚನೆಯಲ್ಲಿ ಹೆಸರಿಸಿದ ತಳಿಗಳ ಮಟ್ಟಿಗೆ ಮೊಳಕೆ ಪ್ರಮಾಣ ಮತ್ತು ಶುದ್ಧತೆಯ ಕನಿಷ್ಠ ಮಿತಿಯನ್ನೂ, ಅವನ್ನು ತಿಳಿಸುವ ಚೀಟಿಯನ್ನೂ ಅದು ಕಡ್ಡಾಯ ಮಾಡುತ್ತದೆ. ಪ್ರಮಾಣಿತ ಬೀಜಕ್ಕಾದರೆ, ಎಂದರೆ ಅಧಿಕೃತ ಸಂಸ್ಥೆ ಪರಿಶೀಲಿಸಿ ದೃಢೀಕರಿಸಿದ ಬೀಜಕ್ಕಾದರೆ, ಟೊಮೆಟೊ ಮತ್ತು ಬದನೆಯಲ್ಲಿ ಕನಿಷ್ಠ ನೂರಕ್ಕೆ 70, ಮೆಣಸಿನಕಾಯಿಯಲ್ಲಿ 60 ಮೊಳೆಯಬೇಕು. ಪ್ರಮಾಣಿತ ಬೀಜದ ಚೀಟಿ ನೀಲಿ, ಮಾರಾಟಗಾರನೇ ಹೊಣೆ ಹೊತ್ತು ಗುಣಮಟ್ಟ ಘೋಷಿಸುವ ಬೀಜದ ಚೀಟಿ ತಿಳಿಹಸಿರು. ಹಳ್ಳಿಯ ರೈತನೊಬ್ಬ ಬೀಜದಂಗಡಿಯಲ್ಲಿ ನಿಂತು ಪೊಟ್ಟಣವನ್ನು ತಿರುಗಿಸಿ, ದಿನಾಂಕ ಓದಿ, ಆಮೇಲೆ ದುಡ್ಡು ತೆಗೆಯುವುದನ್ನು ನೋಡಿದ್ದೇನೆ. ಪೇಟೆಯ ನಾವು ಮುಂದಿನ ಬಣ್ಣದ ಚಿತ್ರ ನೋಡಿ ಗುಂಡಿ ಒತ್ತುತ್ತೇವೆ.

ಮೊಳಕೆ ಪರೀಕ್ಷೆಯನ್ನು ಹಳೆಯ ಕ್ರಮದಲ್ಲೇ ಮಾಡಿದೆ. ಒಗೆದ ಹತ್ತಿ ಪಂಚೆಯ ತುಂಡನ್ನು ಒದ್ದೆ ಮಾಡಿ, ಹಿಂಡಿ, ಪ್ರತಿ ಬಗೆಯ ಹತ್ತು ಬೀಜಗಳನ್ನು ಸಾಲಾಗಿಟ್ಟು ಸುರುಳಿ ಸುತ್ತಿ, ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ಅಡುಗೆಮನೆಯ ಕಪಾಟಿನ ಮೇಲಿಟ್ಟೆ. ಪ್ರಯೋಗಾಲಯಗಳಲ್ಲಿ 400 ಬೀಜಗಳನ್ನು ಎಣಿಸಿ ಈ ಪರೀಕ್ಷೆ ಮಾಡುತ್ತಾರೆ. ಹತ್ತು ಬೀಜದ ಲೆಕ್ಕ ಸೂಕ್ಷ್ಮವಾದುದಲ್ಲ, ಆದರೂ ತೀರ ಕೆಟ್ಟ ಬೀಜವನ್ನು ಗುರುತಿಸಲು ಸಾಕು. ಹದಿನಾಲ್ಕನೆಯ ದಿನದ ಹೊತ್ತಿಗೆ ಟೊಮೆಟೊ ಹತ್ತರಲ್ಲಿ ಆರು, ಬದನೆ ಐದು, ದೊಣ್ಣೆ ಮೆಣಸಿನಕಾಯಿ ಎರಡು, ಬ್ಯಾಡಗಿ ಎಂದು ಬರೆದಿದ್ದ ಪೊಟ್ಟಣದಲ್ಲಿ ಮೂರು ಮೊಳೆತವು. ಮೊಳೆಯದ ಮೆಣಸಿನ ಬೀಜಗಳನ್ನು ಉಗುರಿನಿಂದ ಒತ್ತಿದರೆ ಒಳಗಿನಿಂದ ಕೊಳೆತ ಹಾಲಿನಂಥ ನೀರು ಬಂತು, ಎಂದರೆ ಅವು ಎಂದೋ ಸತ್ತಿದ್ದವು. ಮೆಣಸಿನಕಾಯಿ ಬೀಜ ಟೊಮೆಟೊ ಬೀಜದಷ್ಟು ಕಾಲ ಬಾಳುವುದಿಲ್ಲ. ಸೆಕೆಯ ಗೋದಾಮಿನಲ್ಲಿ ಒಂದೆರಡು ಬೇಸಿಗೆ ಕಳೆದಿದ್ದರೆ ಮೊದಲು ಸಾಯುವುದು ಅದೇ.

ಇದೇ ಬಟ್ಟೆಯ ಸುರುಳಿಯಲ್ಲಿ ಹೋಲಿಕೆಗಾಗಿ ಇನ್ನೊಂದು ಸಾಲನ್ನೂ ಇಟ್ಟಿದ್ದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಟೊಮೆಟೊ ಬೀಜಗಳವು. ಹತ್ತರಲ್ಲಿ ಒಂಬತ್ತು ಮೊಳೆತವು, ಅದೂ ಆರನೆಯ ದಿನಕ್ಕೆ. ಎಲೆ ಮುಟುರು ನಂಜುರೋಗ, ದುಂಡಾಣು ಸೊರಗು ರೋಗ, ಮುಂಚಿನ ಅಂಗಮಾರಿ ಈ ಮೂರನ್ನೂ ತಡೆದುಕೊಳ್ಳುವಂತೆ ರೂಪಿಸಿದ ಹೈಬ್ರಿಡ್ ಅದು, ಹೈಬ್ರಿಡ್ ಎಂದು ಪೊಟ್ಟಣವೇ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಸಂಸ್ಥೆ ತನ್ನ ಬೀಜಗಳನ್ನು ಅಂತರ್ಜಾಲದ ಮೂಲಕವೂ ಮಾರುತ್ತದೆ. ಹೆಸರಘಟ್ಟಕ್ಕೆ ಹೋಗಲಾಗದ ನನ್ನಂಥವರಿಗೆ ಇದೊಂದು ದೊಡ್ಡ ಅನುಕೂಲ. ತಾರಸಿಯಲ್ಲಿ ಮೂರು ವರ್ಷ ಸತತವಾಗಿ ಎಲೆ ಮುಟುರಿಗೆ ಟೊಮೆಟೊ ಕಳೆದುಕೊಂಡಿದ್ದ ನನಗೆ, ಈ ಬಾರಿ ಕೈಗೆ ಬಂದ ಟೊಮೆಟೊ ಬಹುಪಾಲು ಈ ಗಿಡಗಳದ್ದೇ.

ಇನ್ನು ಕೊತ್ತಂಬರಿ ಮತ್ತು ಮೂಲಂಗಿಯನ್ನು ಸಸಿ ಕಿಟ್ಟಿನಲ್ಲಿ ಇಟ್ಟದ್ದೇ ತಪ್ಪು. ಮೂಲಂಗಿಯ ತಾಯಿಬೇರೇ ನಾವು ತಿನ್ನುವ ಗಡ್ಡೆ. ಅದನ್ನು ಗುಳಿಯಲ್ಲಿ ಬೆಳೆಸಿ ಕಿತ್ತು ನೆಟ್ಟರೆ ಬೇರು ಕವಲೊಡೆದು ಸೊಟ್ಟಗಾಗುತ್ತದೆ. ಕೊತ್ತಂಬರಿಯೂ ಕಿತ್ತು ನೆಡುವುದನ್ನು ಸಹಿಸುವುದಿಲ್ಲ. ಬೀಜವನ್ನು ನೆಲಕ್ಕೆ ಹಾಕಿ ಚಪ್ಪಲಿಯಿಂದ ಉಜ್ಜಿ ಎರಡು ಹೋಳು ಮಾಡಿ, ಅಗಲವಾದ ಕುಂಡದಲ್ಲಿ ನೇರವಾಗಿ ಉದುರಿಸುವುದು ಎಲ್ಲ ಮನೆಗಳಲ್ಲೂ ಗೊತ್ತಿರುವ ಕ್ರಮ. ಕಿಟ್ ತಯಾರಿಸಿದವರು ಒಮ್ಮೆಯೂ ಕೊತ್ತಂಬರಿ ಬೆಳೆದಿಲ್ಲವೇನೋ ಎನ್ನಿಸುತ್ತದೆ.

ಟ್ರೇಯ ಮೇಲಿನ ಮುಚ್ಚಳದ ಬಗ್ಗೆ ಒಂದು ಎಚ್ಚರಿಕೆ. ಮೊಳಕೆ ಹೊರಬರುವ ತನಕ ಅದು ಬಹಳ ಉಪಕಾರಿ. ತೇವ ಆರುವುದಿಲ್ಲ, ಒಳಗಿನ ಬಿಸುಪು ಬೀಜವನ್ನು ಬೇಗ ಎಬ್ಬಿಸುತ್ತದೆ. ಸಸಿ ಮಾರುವ ನರ್ಸರಿಗಳಲ್ಲಿ ಬೀಜ ಹಾಕಿದ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹಾಳೆ ಹೊದಿಸುವುದೂ ಇದೇ ಕಾರಣಕ್ಕೆ. ಆದರೆ ಮಣ್ಣಿನಿಂದ ಮೊದಲ ಕೊಕ್ಕೆ ತಲೆಯೆತ್ತಿದ ದಿನವೇ ಅದನ್ನು ತೆಗೆಯಬೇಕು. ಹಾಳೆಯಲ್ಲಿ ‘ನಾಲ್ಕು ಎಲೆ ಬರುವವರೆಗೆ ಮುಚ್ಚಿಡಿ’ ಎಂದಿದೆ. ಅದನ್ನು ನಂಬಿ ಇನ್ನೂ ಐದು ದಿನ ಮುಚ್ಚಿಟ್ಟೆ. ಆರನೆಯ ಬೆಳಿಗ್ಗೆ ನೋಡುವಾಗ ಒಂದು ಮೂಲೆಯ ನಾಲ್ಕು ಬದನೆ ಸಸಿಗಳು ಬುಡದಲ್ಲಿ ದಾರದಂತೆ ಸಣ್ಣಗಾಗಿ, ಎಲೆಗಳಿನ್ನೂ ಹಸಿರಾಗಿರುವಾಗಲೇ ಮಲಗಿಬಿಟ್ಟಿದ್ದವು. ಇದು ಸಸಿ ಕೊಳೆ ರೋಗ. ಗಾಳಿಯಾಡದ ತೇವದಲ್ಲಿ ಪಿಥಿಯಂ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿಗಳಿಂದ ಬರುತ್ತದೆ, ಒಮ್ಮೆ ಬಿದ್ದ ಸಸಿ ಏಳುವುದಿಲ್ಲ. ಕೂಡಲೇ ಆ ಗುಳಿಗಳನ್ನು ಖಾಲಿ ಮಾಡಿ, ಮುಚ್ಚಳ ತೆಗೆದು, ನೀರನ್ನು ಮೇಲಿನಿಂದ ಚಿಮುಕಿಸದೆ ಕೆಳಗಿನ ತಟ್ಟೆಗೆ ಮಾತ್ರ ಹಾಕತೊಡಗಿದ ಮೇಲೆ ರೋಗ ಹಬ್ಬುವುದು ನಿಂತಿತು.

ನಮ್ಮಮ್ಮ ಹಾಸನದ ಕಡೆಯ ಹಳ್ಳಿಯಲ್ಲಿ ಮೆಣಸಿನ ಒಟ್ಲು (ಸಸಿಮಡಿ) ಹಾಕುತ್ತಿದ್ದಾಗ ಇದಾವುದರ ಹೆಸರೂ ಗೊತ್ತಿರಲಿಲ್ಲ. ಆದರೆ ಮಡಿಯನ್ನು ಗೇಣೆತ್ತರ ಏರಿಸಿ ಮಾಡುತ್ತಿದ್ದರು, ಬೀಜಕ್ಕೆ ಒಲೆಯ ಬೂದಿ ಬೆರೆಸುತ್ತಿದ್ದರು, ಮೇಲೆ ಹೊದಿಸಿದ ಹುಲ್ಲನ್ನು ಮೊಳಕೆ ಕಂಡ ದಿನದ ಸಂಜೆಯೇ ತೆಗೆಸುತ್ತಿದ್ದರು. ಮುಚ್ಚಳವನ್ನು ಯಾವಾಗ ತೆಗೆಯಬೇಕೆಂದು ಆ ಹುಲ್ಲಿನ ನೆನಪೇ ನನಗೆ ಹೇಳಬೇಕಿತ್ತು.

ಬದುಕುಳಿದ ಸಸಿಗಳನ್ನು ಕುಂಡಕ್ಕೆ ಸಾಗಿಸಿದ ಬಗೆಯನ್ನೂ ಬರೆಯುತ್ತೇನೆ, ಏಕೆಂದರೆ ಸೂಚನೆಯ ಹಾಳೆ ಇಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಟೊಮೆಟೊ 25ನೆಯ ದಿನಕ್ಕೆ, ಬದನೆ 32ಕ್ಕೆ, ಮೆಣಸಿನಕಾಯಿ 40ಕ್ಕೆ ಸಿದ್ಧವಾದವು. ಅದಕ್ಕೆ ಒಂದು ವಾರ ಮೊದಲಿನಿಂದಲೇ ಟ್ರೇಯನ್ನು ಮೊದಲ ದಿನ ಒಂದು ಗಂಟೆ, ಮರುದಿನ ಎರಡು ಗಂಟೆ ಎಂದು ಬೆಳಗಿನ ಎಳೆಬಿಸಿಲಿಗೆ ಇಡುತ್ತಾ, ನೀರನ್ನೂ ತುಸು ಕಡಿಮೆ ಮಾಡುತ್ತಾ ಬಂದೆ. ನೆರಳಲ್ಲಿ ಬೆಳೆದ ಸಸಿಯನ್ನು ನೇರ ತಾರಸಿಯ ಬಿಸಿಲಿಗೆ ಒಡ್ಡಿದರೆ ಎಲೆ ಬಿಳುಚಿ ಸುಡುತ್ತದೆ. ಕುಂಡಗಳಿಗೆ ಕೆಮ್ಮಣ್ಣು, ತೊಳೆದ ನಾರಿನ ಪುಡಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಮಪಾಲು ಸೇರಿಸಿ, ಪ್ರತಿ ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ ವಾರ ಮೊದಲೇ ತುಂಬಿಟ್ಟಿದ್ದೆ. ಟೊಮೆಟೊ ಮತ್ತು ಬದನೆಗೆ 15 ಇಂಚಿನ ಗ್ರೋ ಬ್ಯಾಗ್, ಮೆಣಸಿನಕಾಯಿಗೆ 10 ಇಂಚಿನ ಮಣ್ಣಿನ ಕುಂಡ.

ನೆಡಲು ಸಂಜೆ ಐದರ ಮೇಲಿನ ಹೊತ್ತೇ ಸರಿ, ಇಡೀ ರಾತ್ರಿ ಸಸಿಗೆ ಸುಧಾರಿಸಿಕೊಳ್ಳಲು ಸಿಗುತ್ತದೆ. ಅರ್ಧ ಗಂಟೆ ಮೊದಲು ಟ್ರೇಗೆ ನೀರುಣಿಸಿ, ಗುಳಿಯ ತಳದಿಂದ ಬೆರಳಲ್ಲಿ ಒತ್ತಿ, ಸಸಿಯನ್ನು ಎಲೆ ಹಿಡಿದು ಎತ್ತಬೇಕು, ಕಾಂಡವನ್ನಲ್ಲ. ಎಲೆ ಹರಿದರೆ ಇನ್ನೊಂದು ಬರುತ್ತದೆ, ಎಳೆಯ ಕಾಂಡ ನಲುಗಿದರೆ ಸಸಿಯೇ ಹೋಗುತ್ತದೆ. ಟೊಮೆಟೊವನ್ನು ಬೀಜದೆಲೆಗಳ ಮಟ್ಟದವರೆಗೂ ಆಳಕ್ಕೆ ಹೂಳಬಹುದು. ಅದರ ಕಾಂಡ ಮಣ್ಣು ತಾಗಿದಲ್ಲೆಲ್ಲ ಬೇರು ಬಿಡುತ್ತದೆ, ಸಣಕಲಾಗಿ ಉದ್ದ ಬೆಳೆದ ಸಸಿಯೂ ಹೀಗೆ ನೆಟ್ಟರೆ ಗಟ್ಟಿಯಾಗುತ್ತದೆ. ಬದನೆ, ಮೆಣಸಿನಕಾಯಿಗಳನ್ನು ಮಾತ್ರ ಟ್ರೇಯಲ್ಲಿದ್ದ ಮಟ್ಟಕ್ಕೇ ನೆಡುವುದು ಒಳ್ಳೆಯದು. ನೆಟ್ಟ ಮೂರು ದಿನ ಹಳೆಯ ಸೀರೆಯೊಂದನ್ನು ಮೇಲೆ ಕಟ್ಟಿ ನೆರಳು ಕೊಟ್ಟೆ. ನಾಲ್ಕನೆಯ ಬೆಳಿಗ್ಗೆ ತಾರಸಿಗೆ ಹೋದಾಗ ಟೊಮೆಟೊ ಸಸಿಯ ತುದಿಯಲ್ಲಿ ಬೆಳ್ಳಗಿನ ನವಿರು ಕೂದಲಿನ ಹೊಸ ಎಲೆ ಬಿಚ್ಚಿಕೊಂಡಿತ್ತು, ಅದನ್ನು ಮುಟ್ಟಿದ ಬೆರಳಲ್ಲಿ ಸಂಜೆಯವರೆಗೂ ಅದರ ವಾಸನೆ ಉಳಿದಿತ್ತು.

ಬ್ಯಾಡಗಿ ಎಂದು ಕೊಟ್ಟ ಬೀಜದಿಂದ ಒಂದು ಗಿಡವಷ್ಟೇ ಕಾಯಿ ಬಿಟ್ಟಿತು. ಬ್ಯಾಡಗಿಯ ಗುರುತು ನಮ್ಮವರಿಗೆಲ್ಲ ಗೊತ್ತು: ಉದ್ದ, ಒಣಗಿದರೆ ಮೈಯೆಲ್ಲ ಸುಕ್ಕು, ಕಡುಗೆಂಪು ಬಣ್ಣ, ಖಾರ ಕಡಿಮೆ. ಹಾವೇರಿ ಜಿಲ್ಲೆಯ ಆ ಊರಿನ ಹೆಸರು ಹೊತ್ತ ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ನನ್ನ ಗಿಡದಲ್ಲಿ ಬಿಟ್ಟದ್ದು ಕಿರುಬೆರಳುದ್ದದ, ನುಣುಪಾದ, ಆಕಾಶ ನೋಡಿ ನಿಂತ ಕಾಯಿಗಳು. ಒಂದನ್ನು ಸಾರಿಗೆ ಹಾಕಿದರೆ ಮನೆಯವರೆಲ್ಲ ಕೆಮ್ಮಿದರು. ಕಾಯಿ ಕೆಟ್ಟದ್ದಲ್ಲ, ಆದರೆ ಬ್ಯಾಡಗಿ ಅಲ್ಲ. ಒಂದು ಊರಿನ ರೈತರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಹೆಸರನ್ನು ಯಾವುದೋ ಬೀಜದ ಪೊಟ್ಟಣಕ್ಕೆ ಅಂಟಿಸುವುದು ನನಗೆ 649 ರೂಪಾಯಿಗಿಂತ ದೊಡ್ಡ ನೋವು.

ಈ ದೂರುಗಳನ್ನು ಫೋಟೊ ಸಹಿತ ಮಾರಾಟಗಾರರಿಗೆ ಬರೆದೆ. ಹಿಂದಿರುಗಿಸುವ ಅವಧಿ ಹತ್ತು ದಿನ, ಅದು ಮುಗಿದಿದೆ ಎಂಬ ಉತ್ತರ ಬಂತು. ಮೆಣಸಿನ ಬೀಜ ಮೊಳೆಯಿತೋ ಇಲ್ಲವೋ ಎಂದು ತಿಳಿಯಲೇ ಹದಿನಾಲ್ಕು ದಿನ ಬೇಕು. ಸೂಚನೆಯ ಹಾಳೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರವಿದೆ, ಕನ್ನಡದಲ್ಲೂ ಕೊಡಿ ಎಂದು ಬರೆದದ್ದಕ್ಕೆ ಉತ್ತರವೇ ಇಲ್ಲ.

ಕೊಳ್ಳುವ ಮನಸ್ಸಿರುವವರಿಗೆ ನನ್ನ ಸಲಹೆ ಇಷ್ಟೇ: ಕಿಟ್ ಬೇಡ, ಬಿಡಿಬಿಡಿಯಾಗಿ ಕೊಳ್ಳಿ. ಇದೇ ಗಾತ್ರದ ಟ್ರೇ, ತಟ್ಟೆ, ನಾರಿನ ಪುಡಿಯ 650 ಗ್ರಾಂ ಇಟ್ಟಿಗೆ ಮೂರೂ ನಮ್ಮ ಬಡಾವಣೆಯ ನರ್ಸರಿಯಲ್ಲಿ ಸೇರಿ 200 ರೂಪಾಯಿ ದಾಟಲಿಲ್ಲ. ಬೀಜಕ್ಕೆ ಹೆಸರಘಟ್ಟದ ಸಂಸ್ಥೆಯನ್ನೋ, ದಿನಾಂಕ ಮತ್ತು ಮೊಳಕೆ ಪ್ರಮಾಣ ಸ್ಪಷ್ಟವಾಗಿ ಅಚ್ಚಾದ ಪೊಟ್ಟಣವನ್ನೋ, ಅಥವಾ ನೀವು ಕಣ್ಣಾರೆ ಕಂಡ ಗಿಡವಿರುವ ನೆರೆಮನೆಯನ್ನೋ ಆಶ್ರಯಿಸಿ. ಈಗಾಗಲೇ ಕಿಟ್ ಕೊಂಡಿದ್ದರೆ ಟ್ರೇಯನ್ನು ಎಸೆಯಬೇಡಿ, ಜೋಪಾನವಾಗಿಟ್ಟರೆ ಹಲವು ವರ್ಷ ಬರುತ್ತದೆ. ನನ್ನದನ್ನು ಸೋಪಿನ ನೀರಿನಲ್ಲಿ ತಿಕ್ಕಿ ಬಿಸಿಲಿಗೆ ಒಣಗಿಸಿಟ್ಟಿದ್ದೇನೆ. ಪಕ್ಕದ ಬೀದಿಯ ಶಾರದಮ್ಮನವರು ಹಳೆಯ ಪತ್ರಿಕೆಯಲ್ಲಿ ಕಟ್ಟಿಕೊಟ್ಟ ಈರನಗೆರೆ ಬದನೆಯ ಬೀಜ ಬಟ್ಟೆಯ ಸುರುಳಿಯಲ್ಲಿ ಹತ್ತಕ್ಕೆ ಎಂಟು ಮೊಳೆತಿದೆ, ಭಾನುವಾರ ಟ್ರೇಗೆ ಹಾಕುತ್ತೇನೆ.